ಪ್ಲಗ್ ಇಲ್ಲ, ಬ್ಯಾಟರಿ ಇಲ್ಲ, ಆದರೂ ಓಡುವ ರಷ್ಯಾದ ಪುಟ್ಟ ಎಂಜಿನ್: ಫಾರ್ವರ್ಡ್‌ನಲ್ಲಿ ಹೇಳದೆ ಬಿಟ್ಟಿದ್ದೇನು?

ಚಿಂತಾಮಣಿ ಕಡೆಯ ಓದುಗರೊಬ್ಬರು ನಮಗೊಂದು ವಿಡಿಯೊ ಕಳುಹಿಸಿದ್ದರು. ಒಂದು ನಿಮಿಷವೂ ಇಲ್ಲದ ವಿಡಿಯೊ. ಮರದ ಹಲಗೆಗೆ ಬಿಗಿದ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಎಂಜಿನ್. ಅದಕ್ಕೊಂದು ಪ್ರೊಪೆಲ್ಲರ್. ಪಕ್ಕದಲ್ಲಿ ರಷ್ಯನ್ ಅಕ್ಷರಗಳಿರುವ ಹಳೇ ರಟ್ಟಿನ ಡಬ್ಬಿ. ಒಬ್ಬರು ಬೆರಳಿನಿಂದ ಪ್ರೊಪೆಲ್ಲರ್ ಅನ್ನು ನಾಲ್ಕೈದು ಸಲ ತಟ್ಟುತ್ತಾರೆ, ಎಂಜಿನ್ ಕಿರ್ರೆಂದು ಕೂಗಿ ಓಡತೊಡಗುತ್ತದೆ. ವೈರಿಲ್ಲ, ಪ್ಲಗ್ಗಿಲ್ಲ, ಬ್ಯಾಟರಿಯಿಲ್ಲ.

ಕೆಳಗಿದ್ದ ಬರಹ ಹೀಗಿತ್ತು: "ರಷ್ಯಾದವರ ಹಳೇ ಎಂಜಿನ್. ಕರೆಂಟ್ ಬೇಡ, ಪ್ಲಗ್ ಬೇಡ. ಹರಳೆಣ್ಣೆ, ಸೀಮೆಎಣ್ಣೆಯಲ್ಲೇ ಓಡುತ್ತೆ. ಪೆಟ್ರೋಲ್ ಕಂಪನಿಗಳು ಮುಚ್ಚಿಟ್ಟ ಸತ್ಯ. ಎಲ್ಲ ರೈತರಿಗೂ ತಲುಪಿಸಿ."

ಓದುಗರ ಚಿಕ್ಕಪ್ಪ ಟೊಮೆಟೊ ಬೆಳೆಯುವವರು. ಮನೆಯಲ್ಲಿ ಪೆಟ್ರೋಲ್‌ನಲ್ಲಿ ಓಡುವ ಪವರ್ ಸ್ಪ್ರೇಯರ್ ಇದೆ. ಹರಳೆಣ್ಣೆಯೂ ಇದೆ, ಹಳೇ ಸೀಮೆಎಣ್ಣೆಯೂ ಒಂದಿಷ್ಟು ಉಳಿದಿದೆ. ವಿಡಿಯೊದಲ್ಲಿ ಮೂರು ಬಾಟಲಿಗಳು ಕಾಣುತ್ತವೆ. "ಆ ಮೂರನೇ ಬಾಟಲಿಯಲ್ಲಿ ಏನಿದೆ ಅಂತ ವಿಚಾರಿಸಿ ಹೇಳು, ನಾವೂ ಬೆರೆಸಿ ನೋಡೋಣ ಅಂತಿದ್ದಾರೆ ಚಿಕ್ಕಪ್ಪ. ನಿಜಾನಾ ಇದು?" ಎಂಬುದು ಅವರ ಪ್ರಶ್ನೆ.

ನೇರವಾಗಿ ಹೇಳುತ್ತೇವೆ. ವಿಡಿಯೊ ನಿಜ, ಎಂಜಿನ್ ಕೂಡ ನಿಜ. ಕೆಳಗಿನ ಬರಹ ಸುಳ್ಳು. ಮೂರನೇ ಬಾಟಲಿಯಲ್ಲಿ ಇದ್ದದ್ದು ಈಥರ್. ದಯವಿಟ್ಟು ಅದನ್ನು ಮನೆಯಲ್ಲಿ ಬೆರೆಸಲು ಹೋಗಬೇಡಿ. ಏಕೆ ಎಂಬುದನ್ನು ಕೊನೆಯ ಭಾಗದಲ್ಲಿ ವಿವರಿಸಿದ್ದೇವೆ. ಅವಸರವಿದ್ದರೆ ಮೊದಲು ಅಲ್ಲಿಗೇ ಹೋಗಿ, ಆಮೇಲೆ ಉಳಿದದ್ದನ್ನು ಓದಿ.

ಕಿಡಿಯೇ ಇಲ್ಲದೆ ಬೆಂಕಿ ಹೇಗೆ?

ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಇದರ ಅರ್ಧ ಉತ್ತರ ಗೊತ್ತೇ ಇರುತ್ತದೆ. ಹತ್ತಿಪ್ಪತ್ತು ಸಲ ಜೋರಾಗಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಗಾಳಿಯನ್ನು ಒಮ್ಮೆಲೇ ಚಿಕ್ಕ ಜಾಗಕ್ಕೆ ಒತ್ತಿದರೆ ಅದು ಬಿಸಿಯಾಗುತ್ತದೆ. ಇನ್ನೂ ಜೋರಾಗಿ, ಇನ್ನೂ ಚಿಕ್ಕ ಜಾಗಕ್ಕೆ ಒತ್ತಿದರೆ ಇಂಧನ ತಾನಾಗಿಯೇ ಹೊತ್ತಿಕೊಳ್ಳುವಷ್ಟು ಬಿಸಿಯಾಗುತ್ತದೆ. ಟ್ರ್ಯಾಕ್ಟರ್, ಲಾರಿ, ಹಳೇ ಬಾವಿಗಳ ಮೇಲೆ ಟುಕು ಟುಕು ಎನ್ನುತ್ತಿದ್ದ ಎಂಜಿನ್ ಪಂಪ್‌ಸೆಟ್ ಎಲ್ಲವೂ ಓಡುವುದು ಹೀಗೆಯೇ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನಂತೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅಂದರೆ ಪ್ಲಗ್ ಇಲ್ಲದೆ ಓಡುವ ಎಂಜಿನ್ ನಮ್ಮ ಊರಿನ ಪ್ರತಿ ಟ್ರ್ಯಾಕ್ಟರ್‌ನಲ್ಲೂ ಇದೆ. ಅದು ಪವಾಡವೆಂದು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಷ್ಟೇ.

ಹಾಗಾದರೆ ಪುಟ್ಟ ಎಂಜಿನ್ನಿನಲ್ಲಿ ವಿಶೇಷವೇನು? ಅದರ ಗಾತ್ರವೇ ವಿಶೇಷ. ಇಂಥ ಎಂಜಿನ್‌ಗಳ ಸಿಲಿಂಡರ್ ಸಾಮಾನ್ಯವಾಗಿ 1.5 ಅಥವಾ 2.5 ಸಿಸಿ. ನಿಮ್ಮ ಮನೆಯ ಸ್ಕೂಟರ್ 110 ಸಿಸಿ ಇರಬಹುದು. ಒಂದು ಟೀ ಚಮಚದಲ್ಲಿ ಸುಮಾರು 5 ಮಿಲಿಲೀಟರ್ ಹಿಡಿಯುತ್ತದೆ. ಅಂದರೆ 1.5 ಸಿಸಿಯ ಮೂರು ಸಿಲಿಂಡರ್‌ಗಳು ಒಂದು ಚಮಚದಲ್ಲಿ ಅಡಗುತ್ತವೆ.

ಇಷ್ಟು ಚಿಕ್ಕದಾದರೆ ಒಂದು ತೊಂದರೆಯಿದೆ. ಹಂಡೆಯಲ್ಲಿ ಕಾಯಿಸಿದ ನೀರು ಗಂಟೆಗಟ್ಟಲೆ ಬಿಸಿಯಾಗಿರುತ್ತದೆ, ಲೋಟದ ಕಾಫಿ ಮಾತಾಡುತ್ತಾ ಕೂತರೆ ಆರಿಹೋಗುತ್ತದೆ. ಚಿಕ್ಕ ವಸ್ತುವಿನಲ್ಲಿ ಒಳಗಿನ ಪದಾರ್ಥಕ್ಕೆ ಹೋಲಿಸಿದರೆ ಸುತ್ತಲಿನ ಗೋಡೆಯೇ ಹೆಚ್ಚು, ಬಿಸಿ ಬೇಗ ಸೋರಿಹೋಗುತ್ತದೆ. ಪುಟ್ಟ ಸಿಲಿಂಡರ್‌ನಲ್ಲೂ ಇದೇ ಆಗುವುದು. ಎಷ್ಟು ಒತ್ತಿದರೂ, ಅದರಲ್ಲೂ ಬೆರಳಿನಿಂದ ತಿರುಗಿಸುವಾಗ, ಬಂಕಿನ ಡೀಸೆಲ್ ಹೊತ್ತಿಕೊಳ್ಳುವಷ್ಟು ಬಿಸಿ ಅಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ಕಂಡುಕೊಂಡ ಪರಿಹಾರ ಈಥರ್. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಸುಮಾರು 210 ಡಿಗ್ರಿ ಸೆಲ್ಸಿಯಸ್ ಬೇಕು. ಪೆಟ್ರೋಲ್‌ಗೆ 250ಕ್ಕಿಂತ ಹೆಚ್ಚು. ಈಥರ್‌ಗೆ 160ರ ಆಸುಪಾಸು ಸಾಕು. ಬೋಂಡ ಕರಿಯುವ ಎಣ್ಣೆ 170–180 ಡಿಗ್ರಿ ಇರುತ್ತದೆ ಎಂದರೆ ಅಂದಾಜಾಗಬಹುದು. ಮೊದಲು ಈಥರ್ ಹೊತ್ತಿಕೊಂಡು ಸೀಮೆಎಣ್ಣೆಯನ್ನೂ ಹೊತ್ತಿಸುತ್ತದೆ. ಶಕ್ತಿಯ ಬಹುಪಾಲು ಬರುವುದು ಸೀಮೆಎಣ್ಣೆಯಿಂದ.

ಹರಳೆಣ್ಣೆ ಏಕೆ? ಅದು ಇಲ್ಲಿ ಇಂಧನವಲ್ಲ, ಲೂಬ್ರಿಕೆಂಟ್. ಸ್ಪ್ರೇಯರ್‌ನ ಪೆಟ್ರೋಲ್‌ಗೆ 2ಟಿ ಆಯಿಲ್ ಬೆರೆಸುತ್ತೀರಲ್ಲ, ಅದೇ ಕೆಲಸ. ಬಹುಪಾಲು ಹರಳೆಣ್ಣೆ ಉರಿಯದೆ ಹೊಗೆಗೊಳವೆಯಿಂದ ಹೊರಗೆ ಚಿಮ್ಮುತ್ತದೆ. ಮಾದರಿ ವಿಮಾನ ಹಾರಿಸಿದವರ ಬಟ್ಟೆಗೆಲ್ಲ ಆ ಜಿಡ್ಡು ಹತ್ತುತ್ತದೆ. ಇನ್ನೊಂದು ಸ್ವಾರಸ್ಯವಿದೆ. ಹರಳೆಣ್ಣೆ ಸೀಮೆಎಣ್ಣೆಯೊಡನೆ ಸರಿಯಾಗಿ ಬೆರೆಯುವುದಿಲ್ಲ. ಎರಡನ್ನೂ ಕೂಡಿಸುವುದೂ ಈಥರ್. ಹಳೆಯ ಲೆಕ್ಕ ಬಹಳ ಸರಳವಾಗಿತ್ತು: ಮೂರೂ ಸಮಭಾಗ.

ಈಗ ಫಾರ್ವರ್ಡ್ ಅನ್ನು ಮತ್ತೊಮ್ಮೆ ಓದಿ. ಹರಳೆಣ್ಣೆ, ಸೀಮೆಎಣ್ಣೆ ಎರಡನ್ನೂ ಹೆಸರಿಸಿ, ಎಂಜಿನ್ ಹೊತ್ತಿಕೊಳ್ಳಲು ಕಾರಣವಾದ ಮೂರನೆಯದನ್ನೇ ಬಿಟ್ಟಿದ್ದಾರೆ.

'ಡೀಸೆಲ್' ಎಂಬ ಹೆಸರಿನ ಎಡವಟ್ಟು

ಇಂಗ್ಲೆಂಡ್, ಅಮೆರಿಕ, ಭಾರತಗಳಲ್ಲಿ ಇವನ್ನು 'ಮಾಡೆಲ್ ಡೀಸೆಲ್' ಎನ್ನುವುದು ರೂಢಿ. ಇದರಿಂದಲೇ ಅರ್ಧ ಗೊಂದಲ. ನಿಜವಾದ ಡೀಸೆಲ್ ಎಂಜಿನ್‌ನಲ್ಲಿ ಮೊದಲು ಬರೀ ಗಾಳಿಯನ್ನು ಒತ್ತುತ್ತಾರೆ. ಅದು ಕಾದ ಮೇಲೆ ಸರಿಯಾದ ಕ್ಷಣಕ್ಕೆ ಇಂಜೆಕ್ಟರ್‌ನಿಂದ ಡೀಸೆಲ್ ಚಿಮುಕಿಸುತ್ತಾರೆ. ಪುಟ್ಟ ಎಂಜಿನ್ನಿನಲ್ಲಿ ಇಂಜೆಕ್ಟರ್ ಇಲ್ಲ. ಗಾಳಿ ಮತ್ತು ಇಂಧನ ಮೊದಲೇ ಬೆರೆತು ಒಳಗೆ ಹೋಗಿ, ಒತ್ತಡಕ್ಕೆ ಒಟ್ಟಿಗೇ ಹೊತ್ತಿಕೊಳ್ಳುತ್ತವೆ.

ಹಾಗಾದರೆ ಯಾವಾಗ ಹೊತ್ತಿಕೊಳ್ಳಬೇಕು ಎಂದು ನಿರ್ಧರಿಸುವುದು ಯಾರು? ಸಿಲಿಂಡರಿನ ನೆತ್ತಿಯ ಮೇಲೆ ಕೀಲಿಯಂಥ ಒಂದು ಅಡ್ಡಕಡ್ಡಿ ಇರುತ್ತದೆ. ಅದನ್ನು ತಿರುಗಿಸಿದರೆ ಒಳಗೆ ಎರಡನೆಯ ಪಿಸ್ಟನ್ ಒಂದು ಮೇಲೆ ಕೆಳಗೆ ಸರಿಯುತ್ತದೆ. ಕೆಳಗೆ ಸರಿಸಿದರೆ ಜಾಗ ಕಿರಿದಾಗಿ ಒತ್ತಡ ಹೆಚ್ಚುತ್ತದೆ. ಓಡಿಸುವವರು ಸದ್ದು ಕೇಳುತ್ತಾ ಆ ಕಡ್ಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ವಿಡಿಯೊದಲ್ಲಿ ಆತ ಮೇಲೆ ಏನನ್ನೋ ತಿರುಪುತ್ತಿರುವುದು ಇದನ್ನೇ. ಅತಿಯಾಗಿ ತಿರುಪಿದರೆ ಪ್ರೊಪೆಲ್ಲರ್ ಹಿಂದಕ್ಕೆ ಒದೆಯುತ್ತದೆ. ಬೆರಳಿಗೆ ಏಟು ತಿನ್ನದೆ ಈ ವಿದ್ಯೆ ಕಲಿತವರು ಕಡಿಮೆ.

ರಷ್ಯನ್ನರು ಈ ಹೆಸರಿನ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರು. ಅವರು ಇದನ್ನು ಡೀಸೆಲ್ ಎನ್ನದೆ 'ಕೊಂಪ್ರೆಸಿಯೊನ್ನಿ', ಅಂದರೆ 'ಒತ್ತಡದ ಎಂಜಿನ್' ಎಂದೇ ಕರೆಯುತ್ತಾರೆ. ಅದೇ ಹೆಸರು ನಮ್ಮಲ್ಲೂ ಬಂದಿದ್ದರೆ ಬಂಕಿಗೆ ಹೋಗಿ ಡೀಸೆಲ್ ತಂದು ಹಾಕಿ ಸೋತವರ ಸಂಖ್ಯೆ ಕಡಿಮೆಯಾಗುತ್ತಿತ್ತೇನೋ.

ಇದು ಹಳೇ ಆಟಿಕೆಯ ತಂತ್ರ ಎಂದು ತಳ್ಳಿಹಾಕುವಂತೆಯೂ ಇಲ್ಲ. ಬೆರೆತ ಇಂಧನವನ್ನು ಒತ್ತಡದಿಂದಲೇ ಹೊತ್ತಿಸಿ ಉಳಿತಾಯ ಮಾಡುವುದು ಹೇಗೆ ಎಂದು ದೊಡ್ಡ ಕಾರು ಕಂಪನಿಗಳು ದಶಕಗಳಿಂದ ತಲೆ ಕೆಡಿಸಿಕೊಂಡಿವೆ. ಜಪಾನಿನ ಮಾಜ್ದಾ ಕಂಪನಿ 2019ರಲ್ಲಿ ಮಾರುಕಟ್ಟೆಗೆ ತಂದ ಸ್ಕೈಆಕ್ಟಿವ್-ಎಕ್ಸ್ ಎಂಜಿನ್ ಈ ದಾರಿಯದ್ದೇ. ಅವರಿಗೂ ಹತೋಟಿಗಾಗಿ ಪ್ಲಗ್ಗಿನ ಕಿಡಿಯ ಸಹಾಯ ಬೇಕಾಯಿತು.

ಸೋವಿಯತ್ ನಾಡು ಇಷ್ಟೊಂದು ಎಂಜಿನ್ ಮಾಡಿದ್ದೇಕೆ?

ಮೊದಲಿಗೆ ಒಂದು ತಿದ್ದುಪಡಿ. ಈ ಎಂಜಿನ್ ರಷ್ಯನ್ನರು ಕಂಡುಹಿಡಿದದ್ದಲ್ಲ. 1940ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ 'ಡೈನೊ' ಎಂಬ 2 ಸಿಸಿ ಎಂಜಿನ್ ಮಾರಾಟಕ್ಕೆ ಬಂತು. ಯುದ್ಧದ ದಿನಗಳಲ್ಲೇ ಈ ವಿಧಾನ ಯುರೋಪಿನ ಬೇರೆ ದೇಶಗಳಿಗೂ ಹಬ್ಬಿತು. 1946ರಲ್ಲಿ ಇಂಗ್ಲೆಂಡಿನಲ್ಲಿ ಮಿಲ್ಸ್ 1.3 ಎಂಬ ಎಂಜಿನ್ ಬಂತು. ಸೋವಿಯತ್ ಒಕ್ಕೂಟ ಈ ಸಾಲಿಗೆ ಸೇರಿದ್ದು ನಂತರ. ಆದರೆ ಅಲ್ಲಿ ಇದಕ್ಕೆ ಸಿಕ್ಕ ಬೆಂಬಲವೇ ಬೇರೆ ಬಗೆಯದು.

ಬೇರೆ ದೇಶಗಳಲ್ಲಿ ಮಾದರಿ ವಿಮಾನ ಒಂದು ಹವ್ಯಾಸ, ದುಡ್ಡಿದ್ದವರು ಕೊಳ್ಳುತ್ತಿದ್ದರು. ಸೋವಿಯತ್ ಒಕ್ಕೂಟದಲ್ಲಿ ಅದು ಸರ್ಕಾರದ ಕಾರ್ಯಕ್ರಮ. ಅಲ್ಲಿ ಮೊದಲ ದೇಶಮಟ್ಟದ ಮಾದರಿ ವಿಮಾನ ಸ್ಪರ್ಧೆ ನಡೆದದ್ದು 1926ರಲ್ಲಿ. ಮರುವರ್ಷ ಒಸೊಅವಿಯಾಖಿಮ್ ಎಂಬ ರಕ್ಷಣಾ ಸಹಾಯ ಸಂಘ ಹುಟ್ಟಿತು. 1951ರಿಂದ ಅದರ ಜಾಗದಲ್ಲಿ ದೊಸಾಫ್ ಎಂಬ ಸಂಸ್ಥೆ ಬಂತು. ಮಕ್ಕಳು ಮೊದಲು ಮಾದರಿ ವಿಮಾನ ಕಟ್ಟಲಿ, ಮುಂದೆ ಗ್ಲೈಡರ್ ಹಾರಿಸಲಿ, ಅಲ್ಲಿಂದ ನಿಜವಾದ ವಿಮಾನಕ್ಕೆ ಏರಲಿ ಎಂಬುದು ಲೆಕ್ಕಾಚಾರ. ಊರೂರಿನ 'ಪಯೋನಿಯರ್ ಭವನ'ಗಳಲ್ಲಿ ಶಾಲೆ ಮುಗಿದ ಮೇಲೆ ಮಕ್ಕಳಿಗೆ ಕಾರ್ಯಾಗಾರಗಳು ನಡೆಯುತ್ತಿದ್ದವು. ಸೇನೆಗೆ ಪೈಲಟ್‌ಗಳು, ಕಾರ್ಖಾನೆಗಳಿಗೆ ಎಂಜಿನಿಯರ್‌ಗಳು ಬೇಕಿತ್ತು. ಇದನ್ನು ಬರೀ ಮಕ್ಕಳ ಮೇಲಿನ ಪ್ರೀತಿ ಎಂದು ಬಣ್ಣಿಸಿದರೆ ತಪ್ಪಾದೀತು. ಆದರೆ ಮಕ್ಕಳ ಕೈಗೆ ಉಳಿ, ಅರ, ಎಂಜಿನ್ ಬಂದದ್ದಂತೂ ನಿಜ.

ಅದರ ಫಲವೂ ಕಂಡಿತು. ಭಾರತೀಯ ವಾಯುಪಡೆಯಲ್ಲಿ ದಶಕಗಳಿಂದ ದುಡಿಯುತ್ತಿರುವ ಸಾಗಣೆ ವಿಮಾನ ಎಎನ್-32. ಅದರಲ್ಲಿನ 'ಎಎನ್' ಎಂದರೆ ಆಂಟೊನೊವ್. ಒಲೆಗ್ ಆಂಟೊನೊವ್ ಹದಿಹರೆಯದಲ್ಲೇ ಗ್ಲೈಡರ್ ಕಟ್ಟಲು ಕೂತವರು. ಬಾಹ್ಯಾಕಾಶಕ್ಕೆ ಹೋದ ಮೊದಲ ಮಾನವ ಯೂರಿ ಗಗಾರಿನ್ ಮೊದಲು ವಿಮಾನ ಹಾರಿಸಲು ಕಲಿತದ್ದು 1955ರಲ್ಲಿ, ಸರಾತೊವ್ ಊರಿನ ಇಂಥದ್ದೇ ಒಂದು ಕ್ಲಬ್ಬಿನಲ್ಲಿ.

ಇಷ್ಟು ಮಕ್ಕಳಿಗೆ ಎಂಜಿನ್ ಕೊಡಬೇಕೆಂದರೆ ಅದು ಅಗ್ಗವಾಗಿರಬೇಕು. ಹಳೆಯ ಪೆಟ್ರೋಲ್ ಮಾದರಿ ಎಂಜಿನ್‌ಗೆ ಪ್ಲಗ್, ಕಾಯಿಲ್, ಬ್ಯಾಟರಿ ಎಲ್ಲ ಬೇಕಿತ್ತು. ಆ ಭಾರವನ್ನೆಲ್ಲ ವಿಮಾನವೇ ಹೊರಬೇಕಿತ್ತು. ಅಮೆರಿಕದಲ್ಲಿ 1947ರ ಹೊತ್ತಿಗೆ ಗ್ಲೋ ಪ್ಲಗ್ ಬಂತು. ಅದಕ್ಕೆ ಪ್ಲಾಟಿನಂ ತಂತಿ, ಸ್ಟಾರ್ಟ್ ಮಾಡಲು ಬ್ಯಾಟರಿ, ಇಂಧನವಾಗಿ ಮೆಥನಾಲ್ ಬೇಕು. ಒತ್ತಡದ ಎಂಜಿನ್ನಿಗೆ ಇವು ಯಾವುದೂ ಬೇಡ. ಕಲಿಯುವ ಹುಡುಗನಿಗೆ ಒಂದು ಎಂಜಿನ್, ಒಂದು ಬಾಟಲಿ ಇಂಧನ, ಬೆರಳಿದ್ದರೆ ಸಾಕು.

ಹೀಗೆ ಬಂದದ್ದು 'ಎಂಕೆ' ಸರಣಿ. ಎಂಕೆ-16 ಮತ್ತು ಎಂಕೆ-17 'ಯೂನಿಯರ್' 1.5 ಸಿಸಿಯವು. ಯೂನಿಯರ್ ಎಂದರೆ ಜೂನಿಯರ್, ಹೆಸರೇ ಹೇಳುವಂತೆ ಹೊಸಬರಿಗೆ. ಎಂಕೆ-12ವಿ, ರಿತ್ಮ್, ಕೆಎಂಡಿ ಮುಂತಾದವು 2.5 ಸಿಸಿಯವು, ಸ್ಪರ್ಧೆಗೆ ಹೋಗುವವರಿಗೆ. 2.5 ಎಂಬ ಅಂಕಿಯೂ ಸುಮ್ಮನೆ ಬಂದದ್ದಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳ ಹಲವು ವಿಭಾಗಗಳಲ್ಲಿ ಎಂಜಿನ್ನಿಗೆ ಅದೇ ಮಿತಿ.

ಎಂಜಿನ್ ಡಬ್ಬಿಯಲ್ಲಿ 'ಪಾಸ್‌ಪೋರ್ಟ್' ಎಂಬ ಚಿಕ್ಕ ಪುಸ್ತಿಕೆ ಇರುತ್ತಿತ್ತು. ಸೋವಿಯತ್ ಸಾಮಾನುಗಳ ಜೊತೆ ಕೊಡುತ್ತಿದ್ದ ಮಾಹಿತಿ ಪತ್ರಕ್ಕೆ ಅದೇ ಹೆಸರು. ವಿಡಿಯೊದಲ್ಲಿ ಡಬ್ಬಿಯ ಪಕ್ಕ ಕಾಣುವ ಹಳದಿ ಕಾಗದ ಅದೇ ಇರಬೇಕು. ಕೆಲವರು ಅದನ್ನು "ರಹಸ್ಯ ದಾಖಲೆ" ಎಂದು ಕಾಮೆಂಟ್ ಮಾಡಿದ್ದಾರೆ! ಇಂಧನ ಹೇಗೆ ಬೆರೆಸಬೇಕು, ಯಾವ ತಿರುಪು ಎಷ್ಟು ತಿರುಗಿಸಬೇಕು ಎಂದು ಮಕ್ಕಳಿಗೆ ಹೇಳುವ ಕಾಗದವದು.

ಎಲ್ಲವೂ ಅಪ್ಪಟ ಚಿನ್ನವಾಗಿತ್ತು ಎಂದೇನೂ ಅಲ್ಲ. ಇಂಥ ಎಂಜಿನ್‌ನಲ್ಲಿ ಪಿಸ್ಟನ್‌ಗೆ ರಿಂಗ್ ಇರುವುದಿಲ್ಲ. ಪಿಸ್ಟನ್ ಮತ್ತು ಸಿಲಿಂಡರ್ ಒಂದಕ್ಕೊಂದು ಉಜ್ಜಿ ಉಜ್ಜಿ ಕೂರಿಸಿದಂತಿರಬೇಕು. ಸ್ವಲ್ಪ ಸಡಿಲವಾದರೂ ಒತ್ತಡ ಸೋರಿಹೋಗಿ ಎಂಜಿನ್ ಹೊತ್ತುವುದೇ ಇಲ್ಲ. ರಾಶಿಗಟ್ಟಲೆ ತಯಾರಾಗುವಾಗ ಇದು ಎಲ್ಲದರಲ್ಲೂ ಒಂದೇ ಹದಕ್ಕೆ ಬರುತ್ತಿರಲಿಲ್ಲ. ಕಾರ್ಖಾನೆಯಿಂದ ಬಂದ ಎಂಜಿನ್ ಅನ್ನು ಬಿಚ್ಚಿ, ಮತ್ತೆ ಉಜ್ಜಿ, ಸರಿಪಡಿಸಿಕೊಳ್ಳುವುದು ಅಲ್ಲಿನ ಹವ್ಯಾಸಿಗಳ ಮಾಮೂಲಿ ಕೆಲಸ. ಒಂದು ರೀತಿಯಲ್ಲಿ ನಿಜವಾದ ಪಾಠ ಆದದ್ದು ಅಲ್ಲೇ ಎನಿಸುತ್ತದೆ ನಮಗೆ.

ಸ್ಪರ್ಧೆಯ ವೇಗ ಎಷ್ಟಿತ್ತೆಂದರೆ, 'ಟೀಮ್ ರೇಸ್' ವಿಭಾಗದಲ್ಲಿ ವಿಮಾನಗಳು ಎರಡು ಸಣ್ಣ ಉಕ್ಕಿನ ತಂತಿಗಳ ತುದಿಯಲ್ಲಿ, ನಡುವೆ ನಿಂತ ಪೈಲಟ್‌ನ ಸುತ್ತ ತಿರುಗುತ್ತವೆ. ಕಣದ ಮೇಟಿಯ ಸುತ್ತ ಎತ್ತು ತಿರುಗಿದ ಹಾಗೆ. ಮೂರು ತಂಡಗಳ ವಿಮಾನಗಳು ಒಂದೇ ಕಣದಲ್ಲಿ ಹಾರುತ್ತವೆ. 100 ಸುತ್ತು ಎಂದರೆ 10 ಕಿಲೋಮೀಟರ್. ಟ್ಯಾಂಕ್ ಬರೀ 7 ಸಿಸಿ, ಅಂದರೆ ಒಂದೂವರೆ ಚಮಚ. ನಡುವೆ ಇಳಿಸಿ ಇಂಧನ ತುಂಬಿಸಿ ಮತ್ತೆ ಬೆರಳಿನಿಂದ ತಟ್ಟಿ ಹಾರಿಸಬೇಕು. ಒಳ್ಳೆಯ ತಂಡಗಳು ಇಷ್ಟನ್ನು ಮೂರು ಚಿಲ್ಲರೆ ನಿಮಿಷಗಳಲ್ಲಿ ಮುಗಿಸುತ್ತವೆ. ಈ ವಿಭಾಗದಲ್ಲಿ ಇಂದಿಗೂ ಈಥರ್ ಎಂಜಿನ್‌ಗಳೇ ಬಳಕೆಯಲ್ಲಿವೆ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಈ ಕ್ಲಬ್‌ಗಳಿಗೆ ಬರುತ್ತಿದ್ದ ಸರ್ಕಾರದ ದುಡ್ಡು ಬತ್ತಿತು. ಉಳಿದ ಎಂಜಿನ್‌ಗಳು ಸಂತೆಗಳಲ್ಲಿ, ಆಮೇಲೆ ಆನ್‌ಲೈನ್‌ನಲ್ಲಿ ಮಾರಾಟವಾದವು. ಇಂಥ ವಿಡಿಯೊಗಳಿಗೆ ಎಂಜಿನ್ ಸಿಗುವುದು ಹೀಗೆ. ಅಷ್ಟರಲ್ಲಿ ಬ್ಯಾಟರಿ ಮೋಟಾರ್‌ಗಳು ಅಗ್ಗವಾದವು, ಡ್ರೋನ್ ಬಂತು. ಜಿಡ್ಡಿನ ಎಂಜಿನ್ ಹಿಂದೆ ಸರಿಯಿತು.

ನಮ್ಮ ಕಡೆಗೂ ಬಂದಿತ್ತೇ?

ಬಂದಿತ್ತು, ಬೇರೆ ದಾರಿಯಲ್ಲಿ. ಎನ್‌ಸಿಸಿ ಶುರುವಾದದ್ದು 1948ರಲ್ಲಿ, ಅದರ ಏರ್ ವಿಂಗ್ 1950ರಲ್ಲಿ. ಏರ್ ವಿಂಗ್ ಕೆಡೆಟ್‌ಗಳ ತರಬೇತಿಯಲ್ಲಿ ಮಾದರಿ ವಿಮಾನ ಕಟ್ಟುವುದು, ತಂತಿಯ ತುದಿಯಲ್ಲಿ ಹಾರಿಸುವುದು ಸೇರಿದೆ. ಆ ಮಟ್ಟಿಗೆ ಯೋಚನೆ ಸೋವಿಯತ್ ಮಾದರಿಯದ್ದೇ: ಆಟದಿಂದ ವಾಯುಪಡೆಗೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಯಲಹಂಕ ದಾಟಿದ ಮೇಲೆ ಸಿಗುವ ಜಕ್ಕೂರು ಏರೋಡ್ರೋಮ್‌ನಲ್ಲಿ ಎನ್‌ಸಿಸಿಯ ಅಖಿಲ ಭಾರತ ವಾಯು ಸೈನಿಕ ಶಿಬಿರ ನಡೆದಿದೆ. ಅಲ್ಲಿ ಮಾದರಿ ವಿಮಾನಗಳ ಸ್ಪರ್ಧೆಯೂ ಇರುತ್ತದೆ.

ಎಂಜಿನ್ ವಿಷಯಕ್ಕೆ ಬಂದರೆ, ಭಾರತದಲ್ಲೇ ಇಂಥವು ತಯಾರಾಗುತ್ತಿದ್ದವು. ಕೋಲ್ಕತ್ತಾದ 'ಅರೋರಾ' ಹೆಸರಿನ ಮಾಡೆಲ್ ಡೀಸೆಲ್‌ಗಳು ಹವ್ಯಾಸಿಗಳ ವಲಯದಲ್ಲಿ ಹೆಸರು ಮಾಡಿದ್ದವು. ಇಂಗ್ಲೆಂಡಿನ ಮಿಲ್ಸ್ ಎಂಜಿನ್ನಿನ ನಕಲುಗಳೂ ಇಲ್ಲಿ ತಯಾರಾದವು.

ರಷ್ಯಾದ ಎಂಜಿನ್ ನಮ್ಮ ಜಿಲ್ಲೆಯ ಹೆಚ್ಚಿನವರು ನೋಡಿರಲಿಕ್ಕಿಲ್ಲ. ಆದರೆ ರಷ್ಯಾದ ಕಾಗದ ನೋಡಿದ್ದಾರೆ. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆಗಳನ್ನು ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕಿದ ತಲೆಮಾರು ಇನ್ನೂ ಇದೆ, ಮನೆಯಲ್ಲಿ ಹಿರಿಯರನ್ನು ಕೇಳಿ ನೋಡಿ. ನವಕರ್ನಾಟಕದ ಮಳಿಗೆಗಳಲ್ಲಿ ಸೋವಿಯತ್ ವಿಜ್ಞಾನ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತಿದ್ದವು. "ರಷ್ಯಾದ್ದು" ಎಂದ ಕೂಡಲೇ ಗಟ್ಟಿ, ಅಗ್ಗ, ನಂಬಬಹುದು ಎಂಬ ಭಾವನೆ ಇಲ್ಲಿ ಹುಟ್ಟಿದ್ದಕ್ಕೆ ಕಾರಣಗಳಿವೆ. ಫಾರ್ವರ್ಡ್ ಬರೆದವರು ಅದನ್ನೇ ಬಳಸಿಕೊಂಡಿದ್ದಾರೆ ಎಂಬುದು ನಮ್ಮ ಅನುಮಾನ.

ಇನ್ನೆರಡು ನಂಟುಗಳು ನಮಗೆ ಇಷ್ಟವಾದವು. ಹಿಂದೆ ದೊಡ್ಡ ಮಾದರಿ ವಿಮಾನಗಳ ರೆಕ್ಕೆಗೆ ತೆಳು ರೇಷ್ಮೆ ಬಟ್ಟೆ ಅಂಟಿಸಿ ಅದರ ಮೇಲೆ 'ಡೋಪ್' ಎಂಬ ವಾರ್ನಿಷ್ ಬಳಿಯುತ್ತಿದ್ದರು. ರೇಷ್ಮೆಯಷ್ಟು ಹಗುರ ಮತ್ತು ಗಟ್ಟಿ ಬಟ್ಟೆ ಬೇರೆ ಸಿಗುತ್ತಿರಲಿಲ್ಲ. ಶಿಡ್ಲಘಟ್ಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನು ಹರಳು: ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಬದುವಿನಲ್ಲಿ ನಾವು ಬೆಳೆಯುವ ಅದೇ ಹರಳಿನ ಎಣ್ಣೆ ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್‌ಗೂ ಲೂಬ್ರಿಕೆಂಟ್ ಆಗಿತ್ತು.

ಹಾಗಾದರೆ ಯಾರೂ ಮುಚ್ಚಿಡಲಿಲ್ಲವೇ?

ಇಲ್ಲ. ಸ್ವಿಸ್ಸರು ಮಾರಿದರು, ಇಂಗ್ಲಿಷರು ಮಾರಿದರು, ರಷ್ಯನ್ನರು ಮಕ್ಕಳ ಕೈಗೆ ಕೊಟ್ಟರು, ಕೋಲ್ಕತ್ತಾದವರೂ ಮಾಡಿದರು. ಹವ್ಯಾಸಿ ಪತ್ರಿಕೆಗಳಲ್ಲಿ ನಕ್ಷೆಗಳೇ ಅಚ್ಚಾಗುತ್ತಿದ್ದವು. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

ಉಳಿತಾಯವೂ ಇಲ್ಲ. 1.5ರಿಂದ 2.5 ಸಿಸಿ ಎಂಜಿನ್ ಕೊಡುವ ಶಕ್ತಿ ಒಂದು ಅಶ್ವಶಕ್ತಿಯ ಹತ್ತನೇ ಒಂದು ಭಾಗದಿಂದ ಹೆಚ್ಚೆಂದರೆ ಕಾಲು, ಮೂರನೇ ಒಂದು ಭಾಗದವರೆಗೆ. ಅಡುಗೆಮನೆಯ 750 ವಾಟ್ ಮಿಕ್ಸಿ ಎಂದರೆ ಒಂದು ಅಶ್ವಶಕ್ತಿ. ಈ ಎಂಜಿನ್ ನಿಮಿಷಕ್ಕೆ ಹತ್ತು–ಹದಿನೈದು ಸಾವಿರ ಸುತ್ತು ತಿರುಗಿ ಆ ಅಲ್ಪ ಶಕ್ತಿಯನ್ನು ಕೊಡುತ್ತದೆ, ಅದಕ್ಕೆ ಸದ್ದು ಅಷ್ಟು ಜೋರು. ಇಂಧನದ ಮೂರನೇ ಒಂದು ಭಾಗ ಉರಿಯದ ಎಣ್ಣೆ. ಈಥರ್ ಪೆಟ್ರೋಲ್‌ಗಿಂತ ದುಬಾರಿ. ವಿಮಾನ ಕೆಲವು ನಿಮಿಷ ಹಾರಲು ಇದು ಸೊಗಸಾದ ಯಂತ್ರ. ಸ್ಪ್ರೇಯರ್ ಓಡಿಸಲಾರದು, ಪಂಪ್‌ಸೆಟ್ ದೂರದ ಮಾತು. ಇನ್ನು ಚಿಕ್ಕಪ್ಪನವರ ಸ್ಪ್ರೇಯರ್‌ನ ಪೆಟ್ರೋಲ್ ಎಂಜಿನ್‌ಗೆ ಈ ಮಿಶ್ರಣ ಹಾಕಿದರೆ ಕಿಡಿ ಬರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನಿಗೆ ಏಟು ಬೀಳಬಹುದು.

ಗಿಡಮೂಲಿಕೆಯಿಂದ ಪೆಟ್ರೋಲ್ ಮಾಡುತ್ತೇನೆ ಎಂದು 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಹೇಳಿದಾಗ ದೇಶವೇ ಬೆರಗಾಗಿತ್ತು. ಆ ಪ್ರಕರಣದಲ್ಲಿ 2016ರಲ್ಲಿ ಚೆನ್ನೈನ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ಹೇಳಿ ಶಿಕ್ಷೆ ವಿಧಿಸಿತು. ಇಪ್ಪತ್ತು ವರ್ಷ ಹಿಡಿಯಿತು. ಇಂಥ ಕಡೆ ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಒಂದೇ: ಶಕ್ತಿ ಎಲ್ಲಿಂದ ಬರುತ್ತಿದೆ? ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದ್ದರು. ಇಂಥ ಪ್ರಶ್ನೆ ಕೇಳುವುದು ನಮ್ಮ ಜಿಲ್ಲೆಗೆ ಹೊಸದಲ್ಲ.

ಆ ಮೂರನೇ ಬಾಟಲಿ

ಈಥರ್ ಎಂದರೆ ಡೈಈಥೈಲ್ ಈಥರ್. 1846ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಇದನ್ನು ಮೂಸಿಸಿ ರೋಗಿಗೆ ಪ್ರಜ್ಞೆ ತಪ್ಪಿಸಿ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದರು. ಮುಂದೆ ನೂರಕ್ಕೂ ಹೆಚ್ಚು ವರ್ಷ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಆಪರೇಷನ್ ಕೊಠಡಿಗಳಿಗೆ ವಿದ್ಯುತ್ ಉಪಕರಣಗಳು ಬಂದಂತೆ ಅದನ್ನು ಕೈಬಿಡಲು ಒಂದು ಮುಖ್ಯ ಕಾರಣ ಬೆಂಕಿಯ ಅಪಾಯ. ತರಬೇತಿ ಪಡೆದ ವೈದ್ಯರೇ ಹೆದರಿ ಬಿಟ್ಟ ವಸ್ತುವನ್ನು ನಾವು ಅಡುಗೆಮನೆಯಲ್ಲಿ ಅಳೆಯುವುದು ಬೇಡ.

ಈಥರ್ ಕುದಿಯುವುದು ಸುಮಾರು 35 ಡಿಗ್ರಿಗೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಚಿಂತಾಮಣಿ, ಗೌರಿಬಿದನೂರಿನಲ್ಲಿ ಅಷ್ಟು ಬಿಸಿಲು ಹೊಸದೇನಲ್ಲ. ಅಂದರೆ ಮುಚ್ಚಳ ತೆಗೆದಿಟ್ಟರೆ ಒಲೆಯಿಲ್ಲದೆಯೇ ಕುದಿದು ಆವಿಯಾಗುತ್ತದೆ. ಮುಚ್ಚಳ ಬಿಗಿದಿಟ್ಟರೆ ಒಳಗೆ ಒತ್ತಡ ಏರುತ್ತದೆ. ಸೊನ್ನೆಗಿಂತ 45 ಡಿಗ್ರಿ ಕೆಳಗಿನ ಚಳಿಯಲ್ಲೂ ಅದರ ಆವಿ ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ.

ಆ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲೆ ಹಾರಿ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನೀವು ಹಜಾರದಲ್ಲಿ ಬೆರೆಸುತ್ತಿದ್ದರೆ ಪಕ್ಕದ ಕೋಣೆಯ ದೇವರ ದೀಪದವರೆಗೆ ಹೋಗಿ ಅಲ್ಲಿ ಹೊತ್ತಿ, ಬಂದ ದಾರಿಯಲ್ಲೇ ನಿಮ್ಮ ಕೈಯ ಬಾಟಲಿಗೆ ವಾಪಸ್ಸಾಗಬಹುದು. ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಎಷ್ಟೋ ಮನೆಗಳಲ್ಲಿ ಒಲೆ ಬೆಳಗಿನಿಂದ ಸಂಜೆವರೆಗೆ ಉರಿಯುತ್ತಲೇ ಇರುತ್ತದೆ. ಅಂಥ ಕಡೆ ಏನಾಗಬಹುದು ಎಂದು ಯೋಚಿಸಿ. ಬೆಂಕಿಯೇ ಬೇಕೆಂದೂ ಇಲ್ಲ. ಸ್ವಿಚ್ಚಿನ ಕಿಡಿ, ಕಾದ ಬಾಣಲೆ ಸಾಕು.

"ತಣ್ಣಗಿರಲಿ ಅಂತ ಫ್ರಿಜ್‌ನಲ್ಲಿ ಇಡಿ" ಎಂಬ ಸಲಹೆಯೂ ಆ ವಿಡಿಯೊದ ಕೆಳಗೆ ಕಂಡಿತು. ಇದು ಎಲ್ಲಕ್ಕಿಂತ ಕೆಟ್ಟ ಸಲಹೆ. ಮನೆಯ ಫ್ರಿಜ್ಜಿನ ಒಳಗೆ ದೀಪದ ಸ್ವಿಚ್, ಥರ್ಮೋಸ್ಟಾಟ್ ಇರುತ್ತವೆ, ಅವು ಸಣ್ಣ ಕಿಡಿ ಹಾರಿಸಬಲ್ಲವು. ಮುಚ್ಚಿದ ಪೆಟ್ಟಿಗೆಯಲ್ಲಿ ಈಥರ್ ಆವಿ ತುಂಬಿದರೆ ಫ್ರಿಜ್ ಸಿಡಿಯುತ್ತದೆ. ಪ್ರಯೋಗಾಲಯಗಳಲ್ಲಿ ಇದಕ್ಕೆಂದೇ ಒಳಗೆ ಕಿಡಿ ಹಾರದ ಬೇರೆ ಫ್ರಿಜ್ ಬಳಸುತ್ತಾರೆ.

ಹಳೆಯ ಈಥರ್ ಇನ್ನೂ ಅಪಾಯಕಾರಿ. ತೆರೆದ ಬಾಟಲಿ ತಿಂಗಳುಗಟ್ಟಲೆ ಗಾಳಿ, ಬೆಳಕಿಗೆ ಇದ್ದರೆ ಅದರಲ್ಲಿ ಪೆರಾಕ್ಸೈಡ್ ಎಂಬ ಸಿಡಿಯುವ ವಸ್ತು ಹುಟ್ಟುತ್ತದೆ. ಮುಚ್ಚಳದ ಸುತ್ತ ಬಿಳಿ ಹರಳುಗಳಂತೆ ಕಂಡರೆ ಅದನ್ನು ಮುಟ್ಟಲೇಬಾರದು, ತಿರುಪಿದ ಘರ್ಷಣೆಗೇ ಸಿಡಿಯಬಹುದು. ಹಳೇ ಕ್ಲಿನಿಕ್, ಕಾಲೇಜು ಲ್ಯಾಬ್, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇಂಥ ಬಾಟಲಿ ಕಂಡರೆ ಅಲುಗಾಡಿಸದೆ ಅಗ್ನಿಶಾಮಕ ದಳಕ್ಕೆ, 101 ಅಥವಾ 112ಕ್ಕೆ, ಫೋನ್ ಮಾಡಿ.

ಮೆಕ್ಯಾನಿಕ್‌ಗಳು ಚಳಿಯಲ್ಲಿ ಹಟ ಹಿಡಿದ ಡೀಸೆಲ್ ಎಂಜಿನ್‌ಗೆ ಹೊಡೆಯುವ 'ಸ್ಟಾರ್ಟಿಂಗ್ ಸ್ಪ್ರೇ' ಡಬ್ಬಿಗಳಲ್ಲೂ ಇರುವುದು ಹೆಚ್ಚಾಗಿ ಇದೇ ಈಥರ್. ಬಿಸಿಯಾದ ಎಂಜಿನ್‌ಗಾಗಲಿ, ಒಳಗೆ ಕಾಯಿಸುವ ಹೀಟರ್ ಅಥವಾ ಗ್ಲೋ ಪ್ಲಗ್ ಇರುವ ಟ್ರ್ಯಾಕ್ಟರ್‌ಗಾಗಲಿ ಅದನ್ನು ಹೊಡೆಯಬಾರದು. ಡಬ್ಬಿಯನ್ನು ಬಿಸಿಲಿಗೆ ನಿಂತ ವಾಹನದೊಳಗೆ ಬಿಡಬೇಡಿ.

ಮಾದರಿ ವಿಮಾನದಲ್ಲಿ ನಿಜವಾದ ಆಸಕ್ತಿ ಇರುವ ಮಕ್ಕಳು ಮನೆಯಲ್ಲಿದ್ದರೆ ರಬ್ಬರ್ ಬ್ಯಾಂಡ್ ಸುತ್ತಿ ಹಾರಿಸುವ ಬಾಲ್ಸಾ ಮರದ ವಿಮಾನದಿಂದ ಶುರು ಮಾಡಿಸಿ. ಈಥರ್ ಎಂಜಿನ್‌ಗಳನ್ನು ಇಂದಿಗೂ ಓಡಿಸುವ ಅನುಭವಿ ಹವ್ಯಾಸಿಗಳಿದ್ದಾರೆ. ಅವರು ಬಯಲಿನಲ್ಲಿ, ಚಿಕ್ಕ ಪ್ರಮಾಣದಲ್ಲಿ, ಗೊತ್ತಿದ್ದು ಮಾಡುತ್ತಾರೆ.

ಚಿಂತಾಮಣಿಯ ಓದುಗರಿಗೆ ಇಷ್ಟನ್ನೂ ಚಿಕ್ಕದಾಗಿ ವಾಯ್ಸ್ ಮೆಸೇಜ್‌ನಲ್ಲಿ ಹೇಳಿ ಕಳುಹಿಸಿದೆವು, ಚಿಕ್ಕಪ್ಪನವರು ಓದುವುದಕ್ಕಿಂತ ಕೇಳುವುದು ಹೆಚ್ಚು ಎಂದಿದ್ದರಿಂದ. ಅದೇ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿದ್ದರೆ ಅದರ ಕೆಳಗೆ ಒಂದು ಸಾಲು ಹಾಕಿ: "ಎಂಜಿನ್ ನಿಜ, ಮೂರನೇ ಬಾಟಲಿಯಲ್ಲಿರುವುದು ಈಥರ್, ಮನೆಯಲ್ಲಿ ಬೆರೆಸಬೇಡಿ."